ನಾಲ್ಕು ಚೌಕಗಳಲ್ಲಿ ಅರವತ್ತೆಂಟು

ಆತ ಮೂರನೆಯ ಸಲ ಬಂದಾಗಲೂ ನಾನು ಮುಖ ನೋಡಲಿಲ್ಲ, ತೋಳು ನೋಡಿದೆ. ಮೂವತ್ತೊಂದು ವರ್ಷ ರಕ್ತ ಎಳೆದವಳಿಗೆ ಜನರ ಗುರುತು ಸಿಗುವುದು ಮುಖದಲ್ಲಲ್ಲ, ನರದಲ್ಲಿ. ಮೊಣಕೈಯ ಒಳಬದಿಯಲ್ಲಿ ಹಗ್ಗದಂತೆ ಎದ್ದು ನಿಂತ ನರ, ಪಕ್ಕದಲ್ಲಿ ಟಗರಿನ ಕೊಂಬು ತಿವಿದ ಹಳೆಯ ಗಾಯದ ಕಲೆ. ಓ, ಇವರೇ ಅಲ್ಲವೇ ಅಂದುಕೊಂಡೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯವರು, ಕುರಿ ಕಾಯುವವರು. ಐವತ್ತೈದು ದಾಟಿರಬಹುದು. ಹೆಗಲ ಮೇಲಿದ್ದ ಕಂಬಳಿಯ ವಾಸನೆ ನನಗೆ ಹೊಸದಲ್ಲ, ನಮ್ಮ ಊರಿನ ಬಸ್ಸುಗಳಲ್ಲಿ ಅರ್ಧ ವಾಸನೆ ಅದೇ. ಅವತ್ತು ಅದರ ಜೊತೆ ಇನ್ನೊಂದಿತ್ತು: ಮಳೆಗೆ ನೆನೆದು ಒಳಗೊಳಗೇ ಮುಗ್ಗಿದ ಹುಲ್ಲಿನ ಬಣವೆಯ ವಾಸನೆ. ರೊಪ್ಪದಿಂದ ನೇರವಾಗಿ ಬಂದಿದ್ದಾರೆ, ಸ್ನಾನವಾಗಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ಸೂಜಿ ಚುಚ್ಚಿದೆ.

ಕರೆಂಟು ಹೋಗಿ ಬಂದು ಮಾಡಿದ್ದರಿಂದ ಕಣ ಎಣಿಸುವ ಯಂತ್ರ ಅವತ್ತು ಮುಷ್ಕರ ಹೂಡಿತ್ತು. ಹಳೆಯ ಪೆಟ್ಟಿಗೆಯಿಂದ ನ್ಯೂಬಾವರ್ ಚೇಂಬರ್ ತೆಗೆದೆ. ಈಗಿನ ಹುಡುಗಿಯರು ಅದನ್ನು ವಸ್ತುಸಂಗ್ರಹಾಲಯದ ಸಾಮಾನಿನಂತೆ ನೋಡುತ್ತಾರೆ. ಗಾಜಿನ ದಪ್ಪ ಪಟ್ಟಿ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳ ಚೌಕಗಳು. ರಕ್ತವನ್ನು ಇಪ್ಪತ್ತು ಪಾಲು ತೆಳುವಾಗಿಸಿ ಒಂದು ತೊಟ್ಟು ಬಿಟ್ಟು ಮೂಲೆಯ ನಾಲ್ಕು ದೊಡ್ಡ ಚೌಕಗಳಲ್ಲಿ ಬಿಳಿ ಕಣಗಳನ್ನು ಎಣಿಸಬೇಕು. ಗೆರೆಯ ಮೇಲೆ ಕುಳಿತ ಕಣ ಯಾರ ಲೆಕ್ಕಕ್ಕೆ ಎಂಬ ಜಗಳ ಬಾರದಂತೆ ಒಂದು ನಿಯಮವಿದೆ. ಮೇಲಿನ ಗೆರೆ ಮತ್ತು ಎಡಗೆರೆ ಮುಟ್ಟಿದ್ದು ನಮ್ಮದು, ಕೆಳಗಿನದು ಮತ್ತು ಬಲದ್ದು ಪಕ್ಕದ ಮನೆಯದು. ಒಟ್ಟು ಸಿಕ್ಕಿದ್ದನ್ನು ಐವತ್ತರಿಂದ ಗುಣಿಸಿದರೆ ಒಂದು ಮೈಕ್ರೋಲೀಟರ್ ರಕ್ತದ ಲೆಕ್ಕ. ನನಗೆ ಸಿಕ್ಕಿದ್ದು ಅರವತ್ತೆಂಟು. ಮೂರು ಸಾವಿರದ ನಾನ್ನೂರು. ನಾಲ್ಕು ಸಾವಿರಕ್ಕಿಂತ ಕೆಳಗೆ ಬಂದರೆ ಕಡಿಮೆ ಎಂದೇ ಅರ್ಥ.

ಮೂರು ತಿಂಗಳ ಜ್ವರ ಇರುವವರಲ್ಲಿ ಬಿಳಿ ಕಣ ಹೆಚ್ಚಿರಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೀವು ತುಂಬಿದ ಗಾಯಕ್ಕೆ, ನ್ಯುಮೋನಿಯಾಕ್ಕೆ ಹೆಚ್ಚುತ್ತದೆ, ಹದಿನೈದು ಇಪ್ಪತ್ತು ಸಾವಿರಕ್ಕೂ ಹೋಗುತ್ತದೆ. ಇಲ್ಲಿ ಇಳಿದಿತ್ತು. ಲೀಷ್‌ಮನ್ ಬಣ್ಣ ಹಾಕಿ ಸ್ಲೈಡ್ ನೋಡಿದರೆ ಬಿಳಿ ಕಣಗಳಲ್ಲಿ ನೂರಕ್ಕೆ ಐವತ್ತೆಂಟು ಲಿಂಫೋಸೈಟು ಎಂಬ ಬಗೆಯವು, ನೀಲಿಬಣ್ಣದ ದುಂಡು ಕಾಳುಗಳ ಹಾಗೆ. ಸಾಮಾನ್ಯವಾಗಿ ಅವು ಮೂವತ್ತರ ಆಸುಪಾಸಿನಲ್ಲಿರುತ್ತವೆ. ನೋಡಿದವರಿಗೆ ಲಿಂಫೋಸೈಟು ಹೆಚ್ಚಾಗಿದೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮೂರು ಸಾವಿರದ ನಾನ್ನೂರಕ್ಕೆ ಶೇಕಡ ಐವತ್ತೆಂಟು ಎಂದರೆ ಎರಡು ಸಾವಿರಕ್ಕೂ ಸ್ವಲ್ಪ ಕಡಿಮೆ, ಆರೋಗ್ಯವಂತನಲ್ಲಿ ಇರುವಷ್ಟೇ. ಹೆಚ್ಚಾದದ್ದು ಅವಲ್ಲ, ಕಡಿಮೆಯಾದದ್ದು ಬಿಳಿ ಕಣಗಳ ಇನ್ನೊಂದು ಬಗೆ, ನ್ಯೂಟ್ರೋಫಿಲ್‌ಗಳು. ಗಂಡಸರೆಲ್ಲ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದ ದಿನ ಊರಿಗೆ ಬಂದ ನೆಂಟನಿಗೆ ‘ಈ ಊರಲ್ಲಿ ಹೆಂಗಸರೇ ಹೆಚ್ಚು’ ಅನ್ನಿಸಿದ ಹಾಗೆ. ಹಿಮೋಗ್ಲೋಬಿನ್ 9.8. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 92 ಸಾವಿರ. ಕೊಳವೆಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಸುಳ್ಳು ಲೆಕ್ಕ ಕೊಡುವುದುಂಟು, ಅದಕ್ಕೆಂದೇ ಸ್ಲೈಡಿನ ಬಾಲದ ತನಕ ಹುಡುಕಿದೆ. ಗಂಟುಗಳಿರಲಿಲ್ಲ, ನಿಜವಾಗಿಯೇ ಕಡಿಮೆ.

ಎಲ್ಲವೂ ಇಳಿದಿದ್ದವು, ಆದರೆ ಯಾವುದೂ ಪಾತಾಳಕ್ಕಲ್ಲ. ಈ ರೋಗದ ಕುಹಕವೇ ಅದು.

ಮೊದಲ ಸಲ ಬಂದಾಗ ವಿಡಾಲ್ ಪರೀಕ್ಷೆಯಲ್ಲಿ ಒಂದು ಅಂಕಿ ಸ್ವಲ್ಪ ಮೇಲಿತ್ತು, ಟೈಫಾಯಿಡ್ ಎಂದಾಯಿತು. ನಮ್ಮ ಕಡೆ ವಿಡಾಲ್‌ನಲ್ಲಿ ಏನೂ ಬಾರದವರು ಅಪರೂಪ. ಟೈಫಾಯಿಡ್‌ನಲ್ಲಿಯೂ ಬಿಳಿ ಕಣ ಇಳಿಯುವುದರಿಂದ ವರದಿ ಆ ರೋಗಕ್ಕೆ ಹೊಂದಿಕೊಂಡೇ ಕೂತಿತು. ಎರಡನೆಯ ಸಲ ಮಳೆಗಾಲ, ಊರೆಲ್ಲ ಡೆಂಗಿ. ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗೆ ಕಂಡದ್ದೇ ತಡ ಬೇರೆ ಪ್ರಶ್ನೆಗಳೆಲ್ಲ ನಿಂತವು. ಮಗ ಪರಂಗಿ ಎಲೆ ಅರೆದು ರಸ ಕುಡಿಸಿದ. ನಮ್ಮ ಜನ ಪ್ಲೇಟ್‌ಲೆಟ್ಟಿಗೆ ‘ಬಿಳಿ ರಕ್ತಕಣ’ ಎನ್ನುತ್ತಾರೆ, ಪತ್ರಿಕೆಗಳಲ್ಲೂ ಹಾಗೇ ಬರುತ್ತದೆ. ಎರಡೂ ಬೇರೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಈ ಮನುಷ್ಯನಲ್ಲಿ ಎರಡೂ ಕಡಿಮೆ ಇದ್ದದ್ದರಿಂದ ಆ ತಪ್ಪೂ ಸರಿಯಾಗಿಯೇ ಕಂಡಿತು. ಆದರೆ ಡೆಂಗಿಯ ಪ್ಲೇಟ್‌ಲೆಟ್ ಬಾವಿಗೆ ಬಿಟ್ಟ ಬಿಂದಿಗೆ: ದಡಕ್ಕನೆ ಇಳಿದು, ಏಳೆಂಟು ದಿನಗಳಲ್ಲಿ ಹಗ್ಗ ಹಿಡಿದು ಮೇಲೆ ಬರುತ್ತದೆ. ಇವರದು ಬೇಸಿಗೆಯ ಕೆರೆಯ ನೀರು. ಹಳೆಯ ಎರಡು ವರದಿಗಳನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಂತಿರುವುದು ಕಾಣುತ್ತಿತ್ತು. ರಿಜಿಸ್ಟರ್ ನನ್ನ ಮೇಜಿನ ಮೇಲೆಯೇ ಇತ್ತು.

ಹೊರಗಿನ ಬೆಂಚಿನ ಮೇಲೆ ಪಶು ಆಸ್ಪತ್ರೆಯ ಒಬ್ಬರು ಕೂತಿದ್ದರು. ಅವರಿಗೆ ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆ. ಕುರಿಗಾಹಿಯ ಹೆಂಡತಿ ಗುರುತು ಹಿಡಿದು ಮಾತಿಗೆ ಶುರು ಮಾಡಿದರು. ಗಂಡನ ಜ್ವರದ ಬಗ್ಗೆ ಅಲ್ಲ, ಕುರಿಗಳ ಬಗ್ಗೆ.

“ಸ್ವಾಮಿ, ಈ ಸಲ ಹನ್ನೊಂದು ಕುರಿ ಕಂದು ಹಾಕಿದವು. ತುಂಬಿದ ಗಬ್ಬ. ಇನ್ನೇನು ಈಯಬೇಕು ಅನ್ನುವಾಗ.”

“ಮರಿ ಎಳೆದವರು ಯಾರು?”

“ಇನ್ಯಾರು? ಇವರೇ.”

ಪಶು ಆಸ್ಪತ್ರೆಯವರು ಎದ್ದು ಬಂದು ನನ್ನ ಕಿಟಕಿಗೆ ಕೈಯೂರಿ ನಿಂತರು. “ಮೇಡಂ, ಇವರಿಗೆ ಬ್ರುಸೆಲ್ಲಾ ಪರೀಕ್ಷೆ ಆಗಿದೆಯೇ?” ಎಂದರು. ಕೈಯಲ್ಲಿ ಸ್ಲೈಡ್ ಹಿಡಿದುಕೊಂಡೇ ಇದ್ದೆ. ಉತ್ತರ ಆ ಗಾಜಿನ ಮೇಲಿತ್ತು ಎಂದು ಹೇಳುವುದಿಲ್ಲ. ಈ ರೋಗದ ಮುಖಚಹರೆ ರಕ್ತದ ಲೆಕ್ಕದಲ್ಲಿ ಸ್ಪಷ್ಟವಾಗಿ ಬರೆದಿರುವುದಿಲ್ಲ. ಪ್ರಶ್ನೆಯಂತೂ ಅದರ ಮೇಲಿತ್ತು, ನಾನು ಕೇಳಿರಲಿಲ್ಲ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಕಳಿಸಿದ ವೈದ್ಯರು ಯಾರು, ಇಷ್ಟು ನಮ್ಮ ಫಾರಂನಲ್ಲಿದೆ. ‘ಮನೆಯಲ್ಲಿ ಏನು ಸಾಕಿದ್ದೀರಿ’ ಎಂಬ ಸಾಲು ಅಂದಿಗೂ ಇರಲಿಲ್ಲ.

ಬ್ರುಸೆಲ್ಲೋಸಿಸ್‌ಗೆ ಕನ್ನಡದಲ್ಲಿ ಕಂದು ರೋಗ ಎನ್ನುತ್ತಾರೆ. ಪಶುವೈದ್ಯ ಇಲಾಖೆಯ ಕರಪತ್ರದಲ್ಲಿಯೂ ಅದೇ ಪದ. ದನ ಕುರಿಗಳು ದಿನ ತುಂಬುವ ಮುನ್ನ ಗರ್ಭ ಚೆಲ್ಲುವುದಕ್ಕೆ ‘ಕಂದು ಹಾಕುವುದು’ ಎಂಬ ಹಟ್ಟಿಯ ಮಾತಿನಿಂದ ಬಂದದ್ದು. ರೋಗದ ಹೆಸರಿನಲ್ಲೇ ಪ್ರಾಣಿ ಇದೆ, ಮನುಷ್ಯನಿಲ್ಲ. ಅದಕ್ಕೇ ಮನುಷ್ಯನಿಗೆ ಬಂದಾಗ ಯಾರಿಗೂ ಹೆಸರು ಹೊಳೆಯುವುದಿಲ್ಲ. ಕಂದು ಹಾಕಿದ್ದೆಲ್ಲ ಈ ರೋಗದಿಂದಲೇ ಅಲ್ಲ ಎಂಬುದೂ ನಿಜ, ಕಾರಣಗಳು ಬೇರೆಯೂ ಇವೆ. ಆದರೆ ಒಂದೇ ಮಂದೆಯಲ್ಲಿ ಹನ್ನೊಂದು ಎಂದರೆ ಸುಮ್ಮನಿರುವಂತಿಲ್ಲ.

ಹಸಿ ಹಾಲಿನಿಂದ ಬರುತ್ತದೆ ಎಂದು ಎಲ್ಲರೂ ಓದಿದ್ದೇವೆ. ನಮ್ಮ ಮನೆಗಳಲ್ಲಿ ಹಾಲು ಉಕ್ಕದೆ ಒಲೆಯಿಂದ ಇಳಿಯುವುದೇ ಇಲ್ಲ, ಪ್ಯಾಕೆಟ್ ಹಾಲನ್ನೂ ಬಿಡದೆ ಕಾಯಿಸುವ ಜನ ನಾವು. ಈ ರೋಗದ ಬ್ಯಾಕ್ಟೀರಿಯಾ ಸಾಯುವುದಕ್ಕೆ 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಸಾಕು. ಕೆಚ್ಚಲಿಗೇ ಬಾಯಿಟ್ಟು ನೊರೆಹಾಲು ಕುಡಿದು ಬೆಳೆದೆವು ಎಂದು ಎದೆ ತಟ್ಟುವ ಹಿರಿಯರು, ಆಡಿನ ಹಸಿ ಹಾಲು ಔಷಧಿ ಎನ್ನುವವರು ಈಗಲೂ ಇದ್ದಾರೆ, ಅವರ ಮಾತು ಬೇರೆ. ಉಳಿದವರಿಗೆ ಹೆಚ್ಚಿನ ಅಪಾಯ ಬಾಯಲ್ಲಲ್ಲ, ಕೈಯಲ್ಲಿ. ಕಂದು ಹಾಕಿದ ಕುರಿಯ ಮಾಸಿನಲ್ಲಿ, ಗರ್ಭದ ನೀರಿನಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ. ಕೈಯಲ್ಲಿ ಜಾಲಿಮುಳ್ಳು ಗೀರಿದ ಒಂದು ಗಾಯ ಸಾಕು. ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರದ ಕೊಂಬೆಗೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಹಾಲು ಸುರಿಸುವ ಮರ, ಹಸುವೂ ಹಾಗೇ ಹಾಲು ಸುರಿಸಲಿ ಎಂಬ ನಂಬಿಕೆ. ನಾಯಿಯ ಬಾಯಿಗೆ ಸಿಗದಂತೆ ಮೇಲೆ ಕಟ್ಟಿದ್ದು ಒಳ್ಳೆಯದೇ. ಕಟ್ಟಿದ ಕೈ ಬರಿಗೈ ಎಂಬುದಷ್ಟೇ ತೊಂದರೆ.

ವೈದ್ಯರು ಪರೀಕ್ಷೆ ಬರೆದುಕೊಟ್ಟರು, ಸೀರಂ, ಅಂದರೆ ರಕ್ತದ ತಿಳಿ, ಬೆಂಗಳೂರಿಗೆ ಹೋಯಿತು. ಮುಂದೆ ನಾನೇ ಕಿಟ್ ತರಿಸಿಕೊಂಡು ರೋಸ್ ಬೆಂಗಾಲ್ ಪರೀಕ್ಷೆ ಕಲಿತೆ. ಸತ್ತ ಬ್ರುಸೆಲ್ಲಾಗಳಿಗೆ ಬಣ್ಣ ಹಾಕಿ ಮಾಡಿದ ಗುಲಾಬಿ ದ್ರಾವಣ ಅದು. ಒಂದು ಹನಿ ಸೀರಂ, ಒಂದು ಹನಿ ಗುಲಾಬಿ, ಕಡ್ಡಿಯಲ್ಲಿ ಕಲಸಿ ಗಾಜನ್ನು ನಾಲ್ಕು ನಿಮಿಷ ತೊಟ್ಟಿಲಿನಂತೆ ತೂಗಬೇಕು. ರೋಗಾಣುವಿನ ವಿರುದ್ಧ ಮೈ ಹುಟ್ಟಿಸುವ ಪ್ರತಿಕಾಯ ಸೀರಂನಲ್ಲಿ ಇಲ್ಲದಿದ್ದರೆ ಗುಲಾಬಿ ಗುಲಾಬಿಯಾಗಿಯೇ ಇರುತ್ತದೆ. ಇದ್ದರೆ ನಿಂಬೆರಸ ಬಿದ್ದ ಹಾಲಿನ ಹಾಗೆ ಒಡೆಯುತ್ತದೆ: ಮೊದಲು ಅಂಚಿನಲ್ಲಿ ಮರಳಿನಷ್ಟು ಸಣ್ಣ ಚೂರು, ಆಮೇಲೆ ನಡುವೆ ತಿಳಿನೀರು. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೀರಂ ಅನ್ನು ಸಾಲು ಕೊಳವೆಗಳಲ್ಲಿ ಹಂತಹಂತವಾಗಿ ತೆಳುವಾಗಿಸಿ ನೋಡುವ ಪರೀಕ್ಷೆ ಇನ್ನೂ ತಮಾಷೆಯದು. ಪ್ರತಿಕಾಯ ಅತಿಯಾಗಿದ್ದರೆ ಮೊದಲ ಕೊಳವೆಗಳಲ್ಲಿ ಏನೂ ಗಂಟು ಕಟ್ಟುವುದಿಲ್ಲ. ಮದುವೆ ಮನೆಯಲ್ಲಿ ಬಡಿಸುವವರೇ ಹೆಚ್ಚಾಗಿ ಯಾವ ಎಲೆಗೂ ಸಾರು ಬೀಳದ ಹಾಗೆ. ಸೀರಂ ತೆಳುವಾಗುತ್ತ ಹೋದ ಮೇಲೆ ಮುಂದಿನ ಕೊಳವೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅವಸರದವರು ಎರಡನೆಯ ಕೊಳವೆಗೇ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಸೀರಂ ಅನ್ನು 1:160ಕ್ಕಿಂತ ತೆಳುವಾಗಿಸಿದರೂ ಗಂಟು ಕಟ್ಟಿದರೆ ರೋಗದ ಗುಮಾನಿ ಗಟ್ಟಿ. ಇವರದು 1:640ರಲ್ಲೂ ಗಂಟು ಕಟ್ಟಿತ್ತು.

ಅದಾದ ಮೇಲೆ ನಾನು ಪುಸ್ತಕ ಹಿಡಿದು ಕೂತೆ. ರಕ್ತ ಯಾಕೆ ಹೀಗೆ ಎಲ್ಲ ಕಡೆಯಿಂದ ಸವೆಯುತ್ತದೆ? ರೋಗಾಣುಗಳನ್ನು ಹಿಡಿದು ನುಂಗುವ ಕೋಶಗಳು, ಮ್ಯಾಕ್ರೋಫೇಜ್‌ಗಳು, ನಮ್ಮ ಮೈಯ ಕಾವಲುಗಾರರು. ಬ್ರುಸೆಲ್ಲಾ ಅವುಗಳಿಗೆ ನುಂಗಿಸಿಕೊಂಡು, ಸಾಯದೆ, ಅವುಗಳ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಈ ಕೋಶಗಳ ದೊಡ್ಡ ಠಾಣೆಗಳು ಯಕೃತ್ತು, ಗುಲ್ಮ (ಸ್ಪ್ಲೀನ್) ಮತ್ತು ಅಸ್ಥಿಮಜ್ಜೆ. ಅಂದರೆ ರಕ್ತ ಹುಟ್ಟುವ ಮನೆ ಮತ್ತು ಹಳೆಯ ರಕ್ತ ಸಾಯುವ ಮನೆ, ಎರಡಕ್ಕೂ ಕಳ್ಳ ನುಗ್ಗಿದ. ಮಜ್ಜೆಯಲ್ಲಿ ಸಣ್ಣ ಗಂಟುಗಳಾಗುತ್ತವೆ. ಕೆರಳಿದ ಮ್ಯಾಕ್ರೋಫೇಜ್‌ಗಳು ಒಮ್ಮೊಮ್ಮೆ ತಮ್ಮದೇ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್‌ಗಳನ್ನು ನುಂಗತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಇದಕ್ಕೆಂದೇ ಹುಟ್ಟಿರಬೇಕು. ಗುಲ್ಮದಲ್ಲಿ ಸಾಮಾನ್ಯ ದಿನಗಳಲ್ಲೂ ದೇಹದ ಪ್ಲೇಟ್‌ಲೆಟ್‌ಗಳ ಮೂರನೆಯ ಒಂದು ಪಾಲು ತಂಗಿರುತ್ತದೆ. ಅದು ತೀರಾ ಊದಿಕೊಂಡರೆ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಒಳಗೇ ಕೂಡಿಹಾಕಿಕೊಳ್ಳಬಲ್ಲದು. ಕಬ್ಬಿಣವೂ ಇದೇ ಮ್ಯಾಕ್ರೋಫೇಜ್‌ಗಳಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ. ಆ ಮನುಷ್ಯ ತಿಂಗಳಿಂದ ನುಂಗಿದ ಕಬ್ಬಿಣದ ಮಾತ್ರೆಗೆ ಹಿಮೋಗ್ಲೋಬಿನ್ ಯಾಕೆ ಏರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಹೆಚ್ಚಿನವರಲ್ಲಿ ಈ ಇಳಿತ ಇಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಮೂರೂ ಬಗೆಯ ಕಣಗಳು ಒಟ್ಟಿಗೆ ಕುಸಿದು, ವಸಡಿನಲ್ಲಿ ರಕ್ತ ಜಿನುಗಿ, ರಕ್ತದ ಕ್ಯಾನ್ಸರೇ ಇರಬೇಕೆಂದು ಮಜ್ಜೆಯ ಪರೀಕ್ಷೆಯವರೆಗೆ ಹೋಗುವುದುಂಟು. ವಿಚಿತ್ರವೆಂದರೆ ಆ ದಾರಿ ಪೂರ್ತಿ ವ್ಯರ್ಥವಲ್ಲ. ಮಜ್ಜೆಯನ್ನು ಕಲ್ಚರ್‌ಗೆ, ಅಂದರೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಲು, ಹಾಕಿದರೆ ರಕ್ತಕ್ಕಿಂತ ಹೆಚ್ಚು ಸಲ ಬ್ರುಸೆಲ್ಲಾ ಸಿಗುತ್ತದೆ. ಹಾಗೆ ಸಿಕ್ಕಾಗ ಎಚ್ಚರದಿಂದಿರಬೇಕಾದವರು ನಮ್ಮಂತಹವರು. ಪ್ರಯೋಗಾಲಯದವರಿಗೇ ತಗಲುವ ಸೋಂಕುಗಳಲ್ಲಿ ಇದು ಮುಂಚೂಣಿಯದು. ತಟ್ಟೆ ತೆರೆದು ಮೂಸಿ ನೋಡುವ ಹಳೆಯ ಚಾಳಿ ನನಗೂ ಇತ್ತು.

ಇದರ ಇತಿಹಾಸವೂ ಗುಲ್ಮದಿಂದಲೇ ಶುರುವಾಗುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಈ ಸೂಕ್ಷ್ಮಾಣುವನ್ನು ಬೆಳೆಸಿ ತೋರಿಸಿದರು. ಸೂಕ್ಷ್ಮದರ್ಶಕದ ಮುಂದೆ ಅವರ ಪಕ್ಕದಲ್ಲಿ ಕೂತು ಕೆಲಸ ಮಾಡಿದವರು ಹೆಂಡತಿ ಮೇರಿ. ಸೂಕ್ಷ್ಮಾಣುವಿಗೆ ಸಿಕ್ಕಿದ್ದು ಗಂಡನ ಮನೆತನದ ಹೆಸರು. ನಾನು ಅದನ್ನು ಇಬ್ಬರದೂ ಎಂದು ಓದಿಕೊಳ್ಳುತ್ತೇನೆ, ಲ್ಯಾಬ್‌ನವಳ ಹಟ ಅನ್ನಿ. ಜ್ವರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿತ್ ಆಡುಗಳ ರಕ್ತ ಪರೀಕ್ಷಿಸಿದರು. ಬೀದಿಯಲ್ಲಿ ಮನೆಮನೆಗೆ ಹೋಗಿ ಹಾಲು ಕರೆಸಿಕೊಳ್ಳುತ್ತಿದ್ದ ಆಡುಗಳು, ನೋಡಲು ಲಕ್ಷಣವಾಗಿದ್ದವು, ರಕ್ತದಲ್ಲಿ ಮಾತ್ರ ಗುಟ್ಟು. ಮರುವರ್ಷ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ಅವರಲ್ಲಿ ಜ್ವರ ಗಣನೀಯವಾಗಿ ಇಳಿಯಿತು.

ನನ್ನ ಮನಸ್ಸಿನಲ್ಲಿ ಉಳಿದವರು ಆಲಿಸ್ ಇವಾನ್ಸ್. ದನದ ಗರ್ಭಪಾತದ ಬ್ಯಾಕ್ಟೀರಿಯಾವೂ ಮಾಲ್ಟಾ ಜ್ವರದ ಬ್ಯಾಕ್ಟೀರಿಯಾವೂ ಹತ್ತಿರದ ನೆಂಟರು, ಹಾಲನ್ನು ಕಾಯಿಸಿಯೇ ಕುಡಿಯಬೇಕು ಎಂದು 1918ರಲ್ಲಿ ಹೇಳಿದ ಅಮೆರಿಕದ ವಿಜ್ಞಾನಿ. ಹೆಂಗಸಿನ ಮಾತು, ದೊಡ್ಡವರು ಒಪ್ಪಲಿಲ್ಲ. 1922ರಲ್ಲಿ ಆ ರೋಗ ಆಕೆಗೇ ತಗಲಿ ವರ್ಷಗಟ್ಟಲೆ ಬಂದು ಹೋಗಿ ಕಾಡಿತು. ನರದೌರ್ಬಲ್ಯ, ಮನಸ್ಸಿನ ಕಾಯಿಲೆ ಎಂದು ವೈದ್ಯರು ತಳ್ಳಿಹಾಕಿದರು.

ನಮ್ಮ ಕುರಿಗಾಹಿಯ ಮನೆಯಲ್ಲೂ ಅದೇ ಆಗಿತ್ತು, ನರದೌರ್ಬಲ್ಯ ಎಂಬ ಪದವಿರಲಿಲ್ಲ ಅಷ್ಟೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಳಿ, ನಡುರಾತ್ರಿ ಕಂಬಳಿ ಒದ್ದೆಯಾಗುವಷ್ಟು ಬೆವರು, ಬೆಳಗ್ಗೆ ಎದ್ದರೆ ಏನೂ ಇಲ್ಲ. ಸೊಂಟ ಹಿಡಿದು ಮಂದೆಯ ಹಿಂದೆ ನಡೆಯಲಾಗದೆ ಬೇವಿನ ಮರದ ಕೆಳಗೆ ಮಲಗುತ್ತಿದ್ದರು. ಆಸ್ಪತ್ರೆಗೆ ಬರುವುದು ಬೆಳಗ್ಗೆ, ಆಗ ಜ್ವರವೇ ಇರುವುದಿಲ್ಲ. “ಅಪ್ಪನದು ನಾಟಕ, ಮೈಗಳ್ಳತನ” ಎಂದು ಮಗ ನನ್ನೆದುರೇ ಅಂದಿದ್ದ. ವರದಿಯಲ್ಲಿ ಎಲ್ಲವೂ ‘ಸ್ವಲ್ಪ ಕಡಿಮೆ’ ಎಂದಿದ್ದರೆ ಮಗನನ್ನು ದೂರುವುದಾದರೂ ಹೇಗೆ? ಬೆವರಿನ ಆ ಮುಗ್ಗಲು ಹುಲ್ಲಿನ ವಾಸನೆಯನ್ನು ವೈದ್ಯಪುಸ್ತಕಗಳು ಈ ರೋಗದ ಲಕ್ಷಣವೆಂದೇ ಬರೆದಿವೆ. ಸ್ನಾನವಾಗಿಲ್ಲ ಎಂದು ತೀರ್ಪು ಕೊಟ್ಟವಳು ನಾನು.

ಚಿಕಿತ್ಸೆ ಕಷ್ಟದ್ದಲ್ಲ, ಉದ್ದದ್ದು. ಡಾಕ್ಸಿಸೈಕ್ಲಿನ್ ದಿನಕ್ಕೆ ಎರಡರಂತೆ ಆರು ವಾರ, ಜೊತೆಗೆ ಎರಡು ಮೂರು ವಾರ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು ಅಥವಾ ಆರು ವಾರ ರಿಫಾಂಪಿಸಿನ್. ಒಂದೇ ಔಷಧಿಗೆ ಬಿಟ್ಟರೆ, ಅಥವಾ ಜ್ವರ ಇಳಿಯಿತೆಂದು ಹತ್ತನೆಯ ದಿನಕ್ಕೆ ನಿಲ್ಲಿಸಿದರೆ, ಮ್ಯಾಕ್ರೋಫೇಜ್‌ನ ಹೊಟ್ಟೆಯಲ್ಲಿ ಅಡಗಿದ್ದು ಮತ್ತೆ ಹೊರಬರುತ್ತದೆ. ಸ್ಟ್ರೆಪ್ಟೋಮೈಸಿನ್, ರಿಫಾಂಪಿಸಿನ್ ಎರಡೂ ಕ್ಷಯಕ್ಕೆ ಕೊಡುವ ಔಷಧಿಗಳೇ ಆದ್ದರಿಂದ ಬೆನ್ನುನೋವಿನ ಇಂತಹ ರೋಗಿಗೆ ಮೂಳೆಯ ಕ್ಷಯವೆಂದು ತಿಳಿದು ಔಷಧಿ ಕೊಟ್ಟರೂ ಸ್ವಲ್ಪ ಗುಣ ಕಾಣುತ್ತದೆ. ತಪ್ಪು ಹೆಸರಿಗೆ ಅರ್ಧ ಸರಿಯಾದ ಮದ್ದು. ಇವರ ಹೆಂಡತಿ ಮಾತ್ರೆಯ ಖಾಲಿ ಹಾಳೆಗಳನ್ನು ಬಿಸಾಡದೆ ರಾಗಿ ಡಬ್ಬದಲ್ಲಿ ಕೂಡಿಟ್ಟು ಲೆಕ್ಕ ಒಪ್ಪಿಸಿದರು.

ಸರಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಕಂದು ರೋಗಕ್ಕೂ ಲಸಿಕೆ ಇದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಜೀವನದಲ್ಲಿ ಒಮ್ಮೆ. ದನ ಮತ್ತು ಎಮ್ಮೆಯ ಕರುಗಳಿಗೆ. ಕುರಿ ಮೇಕೆಗಳು ಆ ಪಟ್ಟಿಯಲ್ಲಿಲ್ಲ. ಮನುಷ್ಯನಿಗೆ ಹೆಚ್ಚು ಜೋರಾಗಿ ತಗಲುವುದು ಕುರಿ ಮೇಕೆಗಳಲ್ಲಿರುವ ತಳಿ ಎಂಬುದು ಗೊತ್ತಿದ್ದೂ ಹೀಗೆ. ಅವಕ್ಕೆಂದೇ ಒಂದು ಲಸಿಕೆ ಹೊರದೇಶಗಳಲ್ಲಿ ಬಳಕೆಯಲ್ಲಿದೆ. ಶಿರಾ, ಪಾವಗಡ, ಮಧುಗಿರಿಯ ಒಣನೆಲದಲ್ಲಿ ಕೂತು ಇದನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈಗ ಜ್ವರವೆಂದು ಬಂದವರನ್ನೆಲ್ಲ ಏನು ಸಾಕಿದ್ದೀರಿ ಎಂದು ಕೇಳುತ್ತೇನೆ. ಒಬ್ಬರು “ಇಬ್ಬರು ಮೊಮ್ಮಕ್ಕಳು” ಎಂದರು. ಇನ್ನೊಬ್ಬರು ಸಾಲದ ಅರ್ಜಿಗೆಂದು ತಿಳಿದು ಎರಡು ಹಸು ಹೆಚ್ಚಿಗೆ ಹೇಳಿದರು.

ಮೂರು ತಿಂಗಳ ಮೇಲೆ ಆತ ಬಂದಾಗ ಯಂತ್ರ ಸರಿಯಾಗಿಯೇ ಇತ್ತು. ನಾನು ಬೇಕೆಂದೇ ಚೇಂಬರ್ ತೆಗೆದೆ. ಪಕ್ಕದಲ್ಲಿ ನಿಂತು ಇಣುಕಿ, ಏನು ಎಣಿಸುತ್ತೀರಿ ತಾಯಿ ಎಂದು ಕೇಳಿದರು. ಗೆರೆಯ ನಿಯಮ ಹೇಳಿದೆ. ನಕ್ಕರು. ಸಂಜೆ ರೊಪ್ಪದ ಬಾಗಿಲಲ್ಲಿ ಅವರು ಎಣಿಸುವುದೂ ಹಾಗೇ ಅಂತೆ. ತಲೆ ಒಳಗಿದ್ದದ್ದು ಲೆಕ್ಕಕ್ಕೆ, ಬಾಗಿಲಲ್ಲಿ ನಿಂತು ಹಿಂದಕ್ಕೆ ನೋಡುವುದು ಲೆಕ್ಕಕ್ಕಿಲ್ಲ. ನನ್ನ ಎಣಿಕೆ ನೂರ ಮೂವತ್ತನಾಲ್ಕಕ್ಕೆ ಬಂತು.

“ಆ ಹನ್ನೊಂದು ಕುರಿ ಏನಾದವು?” ಎಂದು ಕೇಳಿದೆ.

“ಸಂತೆಗೆ ಹೊಡೆದೆವು ತಾಯಿ. ಗಬ್ಬ ನಿಲ್ಲದ ಕುರಿ ಇಟ್ಟುಕೊಂಡು ಏನು ಮಾಡುವುದು? ಪಾವಗಡದ ಕಡೆಯವರು ಯಾರೋ ಕೊಂಡರು. ಒಳ್ಳೆಯ ಬೆಲೆಯೇ ಬಂತು.”

ಕಾರ್ಡಿನ ಮೇಲೆ 6,700 ಎಂದು ಬರೆದು ಅವರ ಕೈಗೆ ಕೊಟ್ಟೆ. ಮುಂದಿನವರ ತೋಳು ಆಗಲೇ ಕಿಟಕಿಯೊಳಗೆ ಬಂದಿತ್ತು.